ವಿಯೆಂಟಿಯಾನ್‌ನ ಕೋಪ್ ಸಂದರ್ಶಕ ಕೇಂದ್ರ: ಯಾರೂ ಘೋಷಿಸದ ಯುದ್ಧದ ಗಾಯಗಳು

ಲಾವೋಸ್‌ಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಲುವಾಂಗ್ ಪ್ರಬಾಂಗ್‌ನ ಬೌದ್ಧ ವಿಹಾರಗಳು, ಕ್ವಾಂಗ್ ಸಿ ಜಲಪಾತ ಮತ್ತು ಮೆಕಾಂಗ್ ನದಿಯ ದೋಣಿಯಾನ ತಪ್ಪದೆ ಇರುತ್ತವೆ. ರಾಜಧಾನಿ ವಿಯೆಂಟಿಯಾನ್ ಮಾತ್ರ ಒಂದು ರಾತ್ರಿ ತಂಗಿ ಮುಂದಕ್ಕೆ ಹೊರಡುವ ಊರಾಗಿ ಉಳಿದುಬಿಡುತ್ತದೆ. ಆ ಊರಿನಲ್ಲಿ ಅರ್ಧ ದಿನವನ್ನಾದರೂ ಕಾದಿರಿಸಿಕೊಳ್ಳಿ ಎಂದು ನಾನು ಒತ್ತಾಯಿಸಿ ಹೇಳುವುದು, ಖೂ ವಿಯೆಂಗ್ ರಸ್ತೆಯ ವೈದ್ಯಕೀಯ ಪುನರ್ವಸತಿ ಕೇಂದ್ರದ ಆವರಣದಲ್ಲಿರುವ ಕೋಪ್ ಸಂದರ್ಶಕ ಕೇಂದ್ರಕ್ಕಾಗಿ. ಇದನ್ನು ವಸ್ತುಸಂಗ್ರಹಾಲಯ ಎಂದು ಕರೆದರೆ ಪೂರ್ತಿ ಸರಿಯಾಗುವುದಿಲ್ಲ. ಇದು ಕೃತಕ ಕಾಲು, ಕೃತಕ ಕೈ, ಊರುಗೋಲು ಮತ್ತು ಗಾಲಿಕುರ್ಚಿಗಳನ್ನು ಬಡವರಿಗೆ ಒದಗಿಸಲು 1997ರಲ್ಲಿ ಆರಂಭವಾದ ಒಂದು ಸೇವಾಸಂಸ್ಥೆ ತನ್ನ ಕೆಲಸದ ಹಿನ್ನೆಲೆಯನ್ನು, ಅಂದರೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಲಾವೋಸ್ ಮೇಲೆ ಗುಟ್ಟಾಗಿ ಸುರಿದ ಬಾಂಬುಗಳ ಕಥೆಯನ್ನು, ಬಂದವರಿಗೆ ತಿಳಿಸಲೆಂದು ತೆರೆದಿಟ್ಟಿರುವ ಪ್ರದರ್ಶನಾಲಯ. ಪ್ರವೇಶಕ್ಕೆ ಶುಲ್ಕವಿಲ್ಲ, ದೇಣಿಗೆಯ ಪೆಟ್ಟಿಗೆಯಿದೆ. ತಲಾತ್ ಸಾವೊ ಎಂಬ ದೊಡ್ಡ ಮಾರುಕಟ್ಟೆಯಿಂದ ನಡೆದುಕೊಂಡೇ ಬರಬಹುದು. ಬಿಸಿಲು ಜೋರಾಗಿದ್ದರೆ ತುಕ್‌ತುಕ್ ಹಿಡಿಯಬಹುದು.

ಯುದ್ಧದಲ್ಲಿ ಗುಟ್ಟಾಗಿ ನಡೆಸುವ ದಾಳಿಗಳ ನೈತಿಕತೆಯ ಬಗ್ಗೆ, ಅಂಥ ದಾಳಿಗಳಲ್ಲಿ ಸಾಯುವ ಮತ್ತು ಅಂಗವಿಕಲರಾಗುವ ಸಾಮಾನ್ಯ ಜನರ ಬಗ್ಗೆ ಬಹುಕಾಲದಿಂದ ಓದುತ್ತ ಬಂದವನಾಗಿ ನಾನು ಇಲ್ಲಿಗೆ ಹೋದೆ. ಓದಿನಲ್ಲಿ ಆ ಪ್ರಶ್ನೆಗಳು ಕಾನೂನಿನ ಕಲಮುಗಳಾಗಿ, ಅಂಕಿಗಳಾಗಿ, ಒಂದು ಪಕ್ಷ ಇನ್ನೊಂದು ಪಕ್ಷದ ಮೇಲೆ ಎಸೆಯುವ ವಾದಗಳಾಗಿ ಎದುರಾಗುತ್ತವೆ. ಇಲ್ಲಿ ಅವು ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ ಒಂದು ಮರದ ತುಂಡಿನ ಎದುರು ನಿಂತು ಉತ್ತರ ಕೊಡಬೇಕಾದ ಪ್ರಶ್ನೆಗಳಾಗುತ್ತವೆ. ಆ ಕಾರಣಕ್ಕೇ ಈ ವಿಮರ್ಶೆಯಲ್ಲಿ ಕೇಂದ್ರದ ಅನುಕೂಲತೆಗಳಿಗಿಂತ, ಅದು ನೋಡುಗನ ಮುಂದಿಡುವ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಳಗೆ ಹೋದವರ ಕಣ್ಣನ್ನು ಮೊದಲು ಹಿಡಿಯುವುದು ಮೇಲಿನಿಂದ ತೂಗಿಬಿಟ್ಟಿರುವ ಒಂದು ಕ್ಲಸ್ಟರ್ ಬಾಂಬ್. ಅದರ ಲೋಹದ ಹೊರಕವಚ ಎರಡಾಗಿ ಬಾಯಿಬಿಟ್ಟಿದೆ. ಒಳಗಿನಿಂದ ಹೊರಚೆಲ್ಲಿದ ಚಿಕ್ಕ ಗುಂಡುಗಳನ್ನು ಒಂದೊಂದು ದಾರಕ್ಕೆ ಕಟ್ಟಿ, ಅವು ಗಾಳಿಯಲ್ಲಿ ಹರಡಿಕೊಳ್ಳುತ್ತಿರುವ ಕ್ಷಣವನ್ನೇ ನಿಲ್ಲಿಸಿದಂತೆ ಜೋಡಿಸಿದ್ದಾರೆ. ಲಾವೋಸ್‌ನಲ್ಲಿ ಈ ಗುಂಡುಗಳನ್ನು ಬೊಂಬಿ ಎನ್ನುತ್ತಾರೆ. ಅಲ್ಲಿ ಬಹಳವಾಗಿ ಬಿದ್ದ ಒಂದು ಬಗೆಯ ಬೊಂಬಿ ಟೆನಿಸ್ ಚೆಂಡಿನಷ್ಟು ದೊಡ್ಡದು. ಅದರ ಲೋಹದ ಗೋಡೆಯಲ್ಲಿ ಉಕ್ಕಿನ ಸಣ್ಣ ಗೋಲಿಗಳನ್ನು ಹುದುಗಿಸಿರುತ್ತಾರೆ, ಸ್ಫೋಟವಾದಾಗ ಅವು ಎಲ್ಲ ದಿಕ್ಕಿಗೂ ಸಿಡಿಯುತ್ತವೆ. ಇಂಥ ಒಂದು ಹೊರಕವಚದೊಳಗೆ ಆರುನೂರಕ್ಕೂ ಹೆಚ್ಚು ಬೊಂಬಿಗಳು ಇರುತ್ತಿದ್ದವು. ಈ ಜೋಡಣೆಯ ಕೆಳಗೆ ನಿಂತು ತಲೆಯೆತ್ತಿದಾಗ, ಆಯುಧದ ಸ್ವಭಾವವನ್ನು ಯಾರೂ ವಿವರಿಸಬೇಕಾಗುವುದಿಲ್ಲ. ಇದು ಒಬ್ಬ ವ್ಯಕ್ತಿಗೆ, ಒಂದು ವಾಹನಕ್ಕೆ, ಒಂದು ಸೇತುವೆಗೆ ಗುರಿಯಿಟ್ಟು ಬಿಡುವ ಆಯುಧವಲ್ಲ. ಒಂದು ವಿಸ್ತಾರವನ್ನೇ ಗುರಿಯಾಗಿಸಿಕೊಂಡ ಆಯುಧ. ಆ ವಿಸ್ತಾರದಲ್ಲಿ ಯಾರಿದ್ದಾರೆ ಎಂಬುದು ಗೊತ್ತಿಲ್ಲದೆಯೂ ಇದನ್ನು ಬಿಡಬಹುದು. ಆದರೆ ಆಯುಧಧಾರಿಯನ್ನೂ ನಿರಾಯುಧನನ್ನೂ ಬೇರ್ಪಡಿಸಿ ನೋಡಬೇಕೆಂಬ ಯುದ್ಧನೀತಿಯ ಮೊದಲ ಕಟ್ಟಳೆಯನ್ನು ಪಾಲಿಸುತ್ತ ಇದನ್ನು ಜನವಸತಿಯ ಮೇಲೆ ಬಿಡಲು ಸಾಧ್ಯವೇ ಇಲ್ಲ.

ಪಕ್ಕದಲ್ಲೇ ಒಂದು ನಕ್ಷೆಯಿದೆ. ದಾಳಿ ನಡೆದ ಸ್ಥಳಗಳಿಗೆ ಕೆಂಪು ಚುಕ್ಕೆಗಳನ್ನಿಟ್ಟು ಹೋಗಿ, ಕೊನೆಗೆ ದೇಶದ ಪೂರ್ವದ ಅಂಚು ಮತ್ತು ಈಶಾನ್ಯದ ಷಿಯೆಂಗ್ ಖುವಾಂಗ್ ಪ್ರಾಂತ್ಯ ಚುಕ್ಕೆಗಳಾಗಿ ಉಳಿಯದೆ ಒಂದೇ ಕೆಂಪು ಬಣ್ಣವಾಗಿಬಿಟ್ಟಿವೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ 5,80,000ಕ್ಕೂ ಹೆಚ್ಚು ಬಾರಿ ದಾಳಿಗೆ ಹಾರಿದವು. 20 ಲಕ್ಷ ಟನ್‌ಗೂ ಮೀರಿದ ಬಾಂಬುಗಳನ್ನು ಸುರಿದವು. ಒಂಬತ್ತು ವರ್ಷಕ್ಕೆ ಹಂಚಿದರೆ ಹಗಲಿರುಳೂ ಎಂಟು ನಿಮಿಷಕ್ಕೊಂದು ವಿಮಾನದ ಹೊರೆಯಾಗುತ್ತದೆ. ಆ ಕಾಲಕ್ಕೆ ಲಾವೋಸ್‌ನ ಜನಸಂಖ್ಯೆ ಮೂವತ್ತು ಲಕ್ಷಕ್ಕಿಂತ ಕಡಿಮೆಯಿತ್ತು, ಅಂದರೆ ತಲೆಗೆ ಅರ್ಧ ಟನ್ನಿಗಿಂತ ಹೆಚ್ಚು. ಬಿದ್ದ ಬೊಂಬಿಗಳು ಸುಮಾರು 27 ಕೋಟಿ. ಅವುಗಳಲ್ಲಿ ನೂರಕ್ಕೆ ಮೂವತ್ತರಷ್ಟು ಸಿಡಿಯದೆ ನೆಲ ಸೇರಿದವು ಎಂಬ ಅಂದಾಜಿದೆ, ಹಾಗಾದರೆ 8 ಕೋಟಿ. 1964ರಿಂದ 2008ರ ನಡುವೆ ಇವುಗಳಿಂದ ಸತ್ತವರು ಮತ್ತು ಗಾಯಗೊಂಡವರು 50,000ಕ್ಕೂ ಹೆಚ್ಚು, ಅವರಲ್ಲಿ ಸುಮಾರು 20,000 ಮಂದಿ ಯುದ್ಧ ಮುಗಿದ ಮೇಲೆ ಬಲಿಯಾದವರು. ಈ ಕೊನೆಯ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಯಾರೊಡನೆಯೂ ಹಗೆಯಿಲ್ಲದೆ, ಎಷ್ಟೋ ಮಂದಿ ಆ ಯುದ್ಧ ಮುಗಿದ ಮೇಲೆಯೇ ಹುಟ್ಟಿ, ಅದರ ಕಾರಣಗಳ ಅರಿವೂ ಇಲ್ಲದೆ ಕಾಲು ಕಳೆದುಕೊಂಡವರು ಇವರು.

ಇಲ್ಲಿಂದ ಮುಂದಕ್ಕೆ ನೋಡುಗನಿಗೆ ಇತಿಹಾಸದ ನೆರವು ಬೇಕಾಗುತ್ತದೆ. ಕೋಪ್ ಒಂದು ವೈದ್ಯಕೀಯ ಸೇವೆಯ ಅಂಗವಾದ್ದರಿಂದ ಅದರ ಗಮನ ಗಾಯದ ಮೇಲೆ, ಚಿಕಿತ್ಸೆಯ ಮೇಲೆ, ಮತ್ತೆ ಎದ್ದು ನಡೆದವರ ಮೇಲೆ ಇದೆ. ಆದ್ದರಿಂದ ಈ ಬಾಂಬುಗಳು ಯಾಕೆ ಗುಟ್ಟಾಗಿ ಬಿದ್ದವು ಎಂಬುದನ್ನು ಸ್ವಲ್ಪ ಓದಿಕೊಂಡು ಹೋದವರಿಗೆ ಈ ಕೇಂದ್ರ ಎರಡು ಪಾಲು ಹೆಚ್ಚು ಕೊಡುತ್ತದೆ.

1962ರ ಜುಲೈ 23ರಂದು ಜಿನೀವಾದಲ್ಲಿ ಹದಿನಾಲ್ಕು ದೇಶಗಳು ಲಾವೋಸ್‌ನ ತಟಸ್ಥತೆಯನ್ನು ಗೌರವಿಸುವುದಾಗಿ ಸಹಿ ಹಾಕಿದವು. ಅಮೆರಿಕವೂ ಹಾಕಿತು, ಉತ್ತರ ವಿಯೆಟ್ನಾಂ ಕೂಡ ಹಾಕಿತು. ವಿದೇಶಿ ಸೈನಿಕರೆಲ್ಲ ಹೊರಡಬೇಕೆಂಬ ಆ ಒಪ್ಪಂದವನ್ನು ಮೀರಿ ಉತ್ತರ ವಿಯೆಟ್ನಾಂ ತನ್ನ ಬಹುಪಾಲು ಸೈನಿಕರನ್ನು ಅಲ್ಲಿಯೇ ಉಳಿಸಿಕೊಂಡಿತು, ದಕ್ಷಿಣ ವಿಯೆಟ್ನಾಂನಲ್ಲಿ ನಡೆಯುತ್ತಿದ್ದ ಯುದ್ಧಕ್ಕೆ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವ ಹೋ ಚಿ ಮಿನ್ ಹಾದಿಯನ್ನು ಲಾವೋಸ್‌ನ ಪೂರ್ವಭಾಗದ ಮೂಲಕ ನಡೆಸಿತು, ಮತ್ತು ತನ್ನ ಸೈನಿಕರು ಅಲ್ಲಿ ಇಲ್ಲವೇ ಇಲ್ಲ ಎಂದು ಜಗತ್ತಿಗೆ ಹೇಳುತ್ತ ಬಂದಿತು. ಅಮೆರಿಕವು ತನ್ನ ಗುಪ್ತಚರ ಸಂಸ್ಥೆ ಸಿಐಎ ಮೂಲಕ ಗುಡ್ಡಗಾಡಿನ ಮೊಂಗ್ ಜನರ ಪಡೆಯೊಂದನ್ನು ಜನರಲ್ ವಾಂಗ್ ಪಾವೊ ಅವರ ನಾಯಕತ್ವದಲ್ಲಿ ಕಟ್ಟಿತು, ಲಾಂಗ್ ಟಿಯೆಂಗ್ ಎಂಬ ಕಣಿವೆಯಲ್ಲಿ ನಕ್ಷೆಯಲ್ಲಿ ತೋರಿಸದ ವಿಮಾನನೆಲೆಯನ್ನು ನಡೆಸಿತು, 1964ರ ಡಿಸೆಂಬರ್‌ನಿಂದ ಬಾಂಬ್ ದಾಳಿಯನ್ನು ವ್ಯವಸ್ಥಿತವಾಗಿ ಆರಂಭಿಸಿತು. ಈ ಯುದ್ಧದ ಮೇಲ್ವಿಚಾರಣೆ ನಡೆಯುತ್ತಿದ್ದದ್ದು ಸೇನಾ ಶಿಬಿರದಿಂದಲ್ಲ, ಇದೇ ವಿಯೆಂಟಿಯಾನ್‌ನ ಅಮೆರಿಕದ ರಾಯಭಾರ ಕಚೇರಿಯಿಂದ; ರಾಯಭಾರಿ ವಿಲಿಯಂ ಸಲಿವನ್ ಅವರ ಒಪ್ಪಿಗೆ ದಾಳಿಗಳಿಗೆ ಬೇಕಾಗುತ್ತಿತ್ತು. ಎರಡೂ ಕಡೆಯವರು ತಾವು ಅಲ್ಲಿಲ್ಲ ಎಂದು ಹೇಳುತ್ತಿದ್ದ ನೆಲದ ಮೇಲೆ ರೈತರು ಭತ್ತ ಬೆಳೆಯುತ್ತಿದ್ದರು. ವಿಮಾನಗಳ ಭಯಕ್ಕೆ ಹಗಲೆಲ್ಲ ಗುಹೆಗಳಲ್ಲೂ ಕಂದಕಗಳಲ್ಲೂ ಅಡಗಿದ್ದು, ಕತ್ತಲಾದ ಮೇಲೆ ಗದ್ದೆಗಿಳಿದು ಬದುಕಿದ ಊರುಗಳ ವಿವರಗಳು ನಿರಾಶ್ರಿತರ ಬಾಯಿಂದ ದಾಖಲಾಗಿವೆ.

ಭಾರತೀಯ ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಲಾವೋಸ್‌ನಲ್ಲಿ ಜಿನೀವಾ ಒಪ್ಪಂದಗಳ ಪಾಲನೆಯನ್ನು ನೋಡಿಕೊಳ್ಳಬೇಕಾಗಿದ್ದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷಸ್ಥಾನ ಭಾರತದ್ದು. ಕೆನಡಾ ಮತ್ತು ಪೋಲೆಂಡ್ ಸದಸ್ಯರು. ಪ್ರಯಾಣಕ್ಕೆ ಅನುಮತಿ ಇಲ್ಲದ ಕಡೆ ಹೋಗಲಾಗದೆ, ಸದಸ್ಯರ ಭಿನ್ನಮತವನ್ನು ದಾಟಲಾಗದೆ, ಕಣ್ಣೆದುರಿಗೇ ನಡೆಯುತ್ತಿದ್ದ ಯುದ್ಧವನ್ನು ತಡೆಯಲು ಆ ಆಯೋಗಕ್ಕೆ ಆಗಲಿಲ್ಲ. ನಮ್ಮ ದೇಶದ ಅಧಿಕಾರಿಗಳು ಇದೇ ಊರಿನಲ್ಲಿ ಕಚೇರಿ ನಡೆಸಿದ್ದರೆಂಬ ಅರಿವಿನೊಂದಿಗೆ ಈ ನಕ್ಷೆಯನ್ನು ನೋಡುವುದು, ಯಾವುದೋ ದೂರದೇಶದ ದುಃಖವನ್ನು ನೋಡಿದಂತಿರುವುದಿಲ್ಲ.

ಯುದ್ಧದಲ್ಲಿ ಗುಟ್ಟೆಂಬುದೇ ತಪ್ಪಲ್ಲ. ಇದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ವೈರಿಯನ್ನು ಅನಿರೀಕ್ಷಿತವಾಗಿ ಮುತ್ತುವುದು, ಹೊಂಚು ಹಾಕುವುದು, ಸೈನ್ಯದ ಚಲನೆಯನ್ನು ಮರೆಮಾಚುವುದು ಕಾನೂನಿನಲ್ಲಿಯೂ ಒಪ್ಪಿತವಾದವು. ಹೋ ಚಿ ಮಿನ್ ಹಾದಿಯ ಲಾರಿಗಳ ಸಾಲು ಸೈನಿಕ ಗುರಿಯೇ ಆಗಿತ್ತು ಎಂಬುದನ್ನೂ ಅಲ್ಲಗಳೆಯಲಾಗದು. ಆದರೆ ಲಾವೋಸ್‌ನ ಗುಟ್ಟು ವೈರಿಯಿಂದ ಕಾಪಾಡಿಕೊಂಡ ಗುಟ್ಟಾಗಿರಲಿಲ್ಲ. ಬಾಂಬು ಬೀಳುತ್ತಿದ್ದುದು ಹನೋಯ್‌ನ ಉತ್ತರ ವಿಯೆಟ್ನಾಂ ಸರ್ಕಾರಕ್ಕೆ ಗೊತ್ತಿತ್ತು, ಊರವರಿಗಂತೂ ದಿನವೂ ಗೊತ್ತಾಗುತ್ತಿತ್ತು. ಗೊತ್ತಾಗದಂತೆ ನೋಡಿಕೊಂಡದ್ದು ಅಮೆರಿಕದ ಮತದಾರರಿಗೆ ಮತ್ತು ಅಲ್ಲಿನ ಸಂಸತ್ತಿನ ಬಹುಪಾಲು ಸದಸ್ಯರಿಗೆ, ಅಂದರೆ ದಾಳಿಯನ್ನು ಪ್ರಶ್ನಿಸುವ ಮತ್ತು ನಿಲ್ಲಿಸುವ ಅಧಿಕಾರವಿದ್ದವರಿಗೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಕೇಂದ್ರ ಇದೇ ಆಗಿದೆ: ಗುಪ್ತದಾಳಿಯ ಅತಿ ದೊಡ್ಡ ಅಪರಾಧವಿರುವುದು ಅದು ಮುನ್ಸೂಚನೆ ಕೊಡದೆ ಬರುತ್ತದೆ ಎಂಬುದರಲ್ಲಲ್ಲ, ಅದು ತನಗೆ ಲೆಕ್ಕ ಕೇಳುವವರನ್ನು ಮೊದಲೇ ದೂರವಿಡುತ್ತದೆ ಎಂಬುದರಲ್ಲಿ. ಲೆಕ್ಕ ಕೇಳುವವರಿಲ್ಲದ ಕಡೆ ಪ್ರಮಾಣದ ಪ್ರಶ್ನೆ, ಅಂದರೆ ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ಸಾಯುವ ಜನರ ಸಂಖ್ಯೆ ಮಿತಿಮೀರುತ್ತದೆಯೇ ಎಂಬ ಪ್ರಶ್ನೆ, ಕೇಳಲ್ಪಡುವುದೇ ಇಲ್ಲ.

ಇದು ಬರಿಯ ತರ್ಕವಲ್ಲ. 1968ರ ಅಕ್ಟೋಬರ್ 31ರಂದು ಅಧ್ಯಕ್ಷ ಜಾನ್ಸನ್ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಿಲ್ಲಿಸುವುದಾಗಿ ಬಹಿರಂಗವಾಗಿ ಘೋಷಿಸಿದರು. ಅಲ್ಲಿ ಕೆಲಸವಿಲ್ಲದಂತಾದ ವಿಮಾನಗಳು ಲಾವೋಸ್ ಕಡೆಗೆ ತಿರುಗಿದವು. ಸುಮ್ಮನೆ ನಿಂತ ವಿಮಾನಗಳನ್ನು ಹಾಗೇ ಬಿಡಲಾಗುವುದಿಲ್ಲ ಎಂಬರ್ಥದ ಮಾತನ್ನು ಮರುವರ್ಷ ವಿಯೆಂಟಿಯಾನ್ ರಾಯಭಾರ ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ಸೆನೆಟ್ ಸಮಿತಿಯ ಎದುರು ಹೇಳಿದರು. ಬಹಿರಂಗವಾಗಿದ್ದ ದಾಳಿಯನ್ನು ಜನಾಭಿಪ್ರಾಯ ನಿಲ್ಲಿಸಿತು, ಗುಪ್ತವಾಗಿದ್ದ ದಾಳಿ ಅದೇ ವಾರಗಳಲ್ಲಿ ಹೆಚ್ಚಿತು. ಆ ಘೋಷಣೆಯಾಗಿ ಒಂದು ತಿಂಗಳೂ ತುಂಬುವ ಮೊದಲು, ನವೆಂಬರ್ 24ರಂದು, ಷಿಯೆಂಗ್ ಖುವಾಂಗ್‌ನ ಥಾಮ್ ಪಿಯು ಗುಹೆಯೊಳಕ್ಕೆ ವಿಮಾನವೊಂದು ಹಾರಿಸಿದ ರಾಕೆಟ್ ನುಗ್ಗಿತು. ಆಶ್ರಯ ಪಡೆದಿದ್ದ 374 ಮಂದಿ ಸತ್ತರೆಂದು ಲಾವೋಸ್ ಸರ್ಕಾರದ ಲೆಕ್ಕ ಹೇಳುತ್ತದೆ. ಅಧ್ಯಕ್ಷ ನಿಕ್ಸನ್ ಲಾವೋಸ್‌ನಲ್ಲಿ ನಡೆಯುತ್ತಿದ್ದ ವಿಮಾನ ಕಾರ್ಯಾಚರಣೆಯನ್ನು ಸಾರ್ವಜನಿಕವಾಗಿ ಒಪ್ಪಿಕೊಂಡದ್ದು 1970ರ ಮಾರ್ಚ್‌ನಲ್ಲಿ, ಅಂದರೆ ಆ ಗುಹೆಯಲ್ಲಿ ಸತ್ತವರನ್ನು ಮಣ್ಣು ಮಾಡಿ ಒಂದು ವರ್ಷಕ್ಕೂ ಮೇಲಾದ ಬಳಿಕ.

ರಾತ್ರಿಯ ಹೊತ್ತು ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನನ್ನು ನಮ್ಮ ಜನ ಸಾವಿರಾರು ವರ್ಷಗಳಿಂದ ಕ್ಷಮಿಸಿಲ್ಲ. ಉತ್ತರೆಯ ಗರ್ಭದಲ್ಲಿದ್ದ ಕೂಸಿನ ಮೇಲೆ ಅಸ್ತ್ರ ಬಿಟ್ಟದ್ದನ್ನಂತೂ ಕಥೆ ಕೇಳುವ ಮಕ್ಕಳೂ ಒಪ್ಪುವುದಿಲ್ಲ. ಆದರೆ ಅಲ್ಲಿ ಕೊಂದವನ ಹೆಸರು ಬೆಳಗಾಗುವಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು, ಅವನನ್ನು ಹಿಡಿದು ನಿಲ್ಲಿಸಲಾಯಿತು, ಹಣೆಯ ಮಣಿಯನ್ನು ಕಿತ್ತುಕೊಳ್ಳಲಾಯಿತು. ಲಾವೋಸ್‌ನ ದಾಳಿಗಳಿಗಾಗಿ ಯಾರೊಬ್ಬರೂ ಯಾವ ನ್ಯಾಯಾಲಯದ ಮುಂದೆಯೂ ನಿಂತಿಲ್ಲ.

ಕೇಂದ್ರದ ಇನ್ನೊಂದು ಭಾಗಕ್ಕೆ ಬರುತ್ತೇನೆ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇಡೀ ಪ್ರದರ್ಶನದ ಶ್ರೇಷ್ಠ ಭಾಗ ಅದು. ಹಳೆಯ ಕೃತಕ ಕಾಲುಗಳನ್ನು ಒಟ್ಟಿಗೆ ಇಟ್ಟಿದ್ದಾರೆ, ಹೊಸ ಕಾಲು ಪಡೆಯಲು ಬಂದವರು ಬಿಟ್ಟುಹೋದವು. ಅವುಗಳಲ್ಲಿ ಬಹಳಷ್ಟು ಅವರೇ, ಅಥವಾ ಊರಿನ ಬಡಗಿಯೋ ಕಮ್ಮಾರನೋ, ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡವು: ಬಿದಿರು, ಮರದ ದಿಮ್ಮಿ, ತಗಡು, ಟಯರಿನ ತುಂಡು, ಹಗ್ಗ, ಬಟ್ಟೆಯ ಸುತ್ತು. ಕೆಲವಕ್ಕೆ ಪಾದವಿಲ್ಲ, ಗೂಟವಷ್ಟೇ. ಒಂದೊಂದರ ಒಳಮೈಯೂ ವರ್ಷಗಟ್ಟಲೆಯ ತಿಕ್ಕಾಟದಿಂದ ನುಣುಪಾಗಿದೆ, ಅಂದರೆ ಅಷ್ಟು ಕಾಲ ಒಬ್ಬ ಮನುಷ್ಯನ ಕಡಿದುಹೋದ ಕಾಲು ಅದರೊಳಗೆ ನೋವಿನಲ್ಲಿ ನಡೆದಿದೆ. ಲೋಹದ ತಗಡಿನಿಂದ ಮಾಡಿದವುಗಳನ್ನು ನೋಡಿದಾಗ, ಆ ಲೋಹ ಎಲ್ಲಿಂದ ಬಂದದ್ದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಾಂಬಿನ ಹೊರಕವಚ, ವಿಮಾನದ ಭಾಗ, ಎಲ್ಲವೂ ಈ ದೇಶದ ಹಳ್ಳಿಗಳಲ್ಲಿ ಕಚ್ಚಾವಸ್ತುವಾಗಿ ಸಿಗುತ್ತಿದ್ದವು. ಯುದ್ಧದ ನೈತಿಕತೆಯನ್ನು ಕುರಿತು ಬರೆಯುವವರು ಬಳಸುವ 'ಪಾರ್ಶ್ವ ಹಾನಿ' (ಗುರಿಯಲ್ಲದ ಜನರಿಗೆ ತಗಲುವ ಹಾನಿ) ಎಂಬ ಪದಗುಚ್ಛವನ್ನು ಈ ಕಾಲುಗಳ ಎದುರು ನಿಂತು ಬಾಯಿಬಿಟ್ಟು ಹೇಳಲು ನನಗೆ ಸಾಧ್ಯವಾಗುತ್ತಿರಲಿಲ್ಲ.

ಕಂಬಗಳ ಮೇಲೆ ಕಟ್ಟುವ ಲಾವೋ ಹಳ್ಳಿಮನೆಯ ಒಂದು ಮಾದರಿಯನ್ನೂ ಇಲ್ಲಿ ನಿಲ್ಲಿಸಿದ್ದಾರೆ. ಒಳಗಿನ ಪಾತ್ರೆ, ಸೌಟು, ದೀಪ ಮುಂತಾದ ಗೃಹೋಪಯೋಗಿ ವಸ್ತುಗಳು ಯುದ್ಧದ ಲೋಹದಿಂದ ಆದವು. ಇದು ಜನರ ಜಾಣ್ಮೆಯನ್ನು ಕೊಂಡಾಡುವ ಮೂಲೆಯೆಂದು ಮೊದಲು ತೋರಿದರೂ, ಈ ಲೋಹಕ್ಕಾಗಿಯೇ ಎಷ್ಟು ಜನ ಸತ್ತರು ಎಂಬುದು ತಿಳಿದಾಗ ನೋಟ ಬದಲಾಗುತ್ತದೆ. ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಸಿಗುವ ಹಣಕ್ಕಾಗಿ ಬಡವರು ಅಗ್ಗದ ಲೋಹಶೋಧಕ ಹಿಡಿದು ಕಾಡು ಗದ್ದೆಗಳಲ್ಲಿ ಬಾಂಬ್ ಚೂರು ಹುಡುಕುತ್ತಾರೆ. ಗುದ್ದಲಿ ಹಾಕುವಾಗ, ಕಾಡು ಸುಟ್ಟು ಬೇಸಾಯಕ್ಕೆ ನೆಲ ಮಾಡುವಾಗ, ಅಡುಗೆಗೆ ಬೆಂಕಿ ಹೊತ್ತಿಸಿದಾಗ ಕೆಳಗಿರುವ ಬೊಂಬಿ ಪೆಟ್ಟಿಗೋ ಬಿಸಿಗೋ ಸಿಡಿಯುತ್ತದೆ. ಮಕ್ಕಳಿಗೆ ಅದು ಆಟದ ಚೆಂಡಿನಂತೆ ಕಾಣುತ್ತದೆ. ಇಲ್ಲಿ ಬದುಕುಳಿದ ಹಲವರ ಕಥೆಗಳನ್ನು ಚಿತ್ರಗಳೊಂದಿಗೆ ಹಾಕಿದ್ದಾರೆ. ಅವರ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅಲ್ಲಿಯೇ ಓದಬೇಕು. ಗಾಯಗೊಂಡ ಮಗುವನ್ನು ಹೊತ್ತುಕೊಂಡು ರಕ್ತವಿಲ್ಲದ, ಆಮ್ಲಜನಕವಿಲ್ಲದ ಆಸ್ಪತ್ರೆಗಳ ನಡುವೆ ಅಲೆದ ತಂದೆತಾಯಿಯರ ಅನುಭವಗಳನ್ನು ಓದುವಾಗ ಕಣ್ಣು ಮಂಜಾಗದವರು ವಿರಳ.

ದಾಳಿಯ ಗುಟ್ಟು ಮತ್ತು ನೆಲದಲ್ಲಿ ಉಳಿದ ಬೊಂಬಿಗಳ ನಡುವೆ ನೇರವಾದ ಸಂಬಂಧವೂ ಇದೆ, ಪ್ರದರ್ಶನ ನೋಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಬಹಿರಂಗ ಯುದ್ಧ ಮುಗಿದಾಗ, ಎಲ್ಲಿ ಏನು ಹಾಕಿದ್ದೇವೆಂಬ ನಕ್ಷೆಗಳನ್ನು ಕೊಡಿ ಎಂದು ಕೇಳಲು ಒಂದು ಮೇಜಾದರೂ ಇರುತ್ತದೆ. ಒಪ್ಪಿಕೊಳ್ಳದ ಯುದ್ಧದಲ್ಲಿ ಅಂಥ ಮೇಜು ಇರುವುದಿಲ್ಲ. ಅಮೆರಿಕದ ವಾಯುದಾಳಿಯ ದಾಖಲೆಗಳು ಲಾವೋಸ್‌ಗೆ ದೊರೆತದ್ದು ದಶಕಗಳ ನಂತರ. ಇಂದು ಬಾಂಬ್ ತೆರವುಗೊಳಿಸುವ ತಂಡಗಳು ಅವನ್ನು ಬಳಸುತ್ತಿವೆ. ಆ ನಡುವಿನ ವರ್ಷಗಳಲ್ಲಿ ರೈತನೊಬ್ಬನಿಗೆ ತನ್ನ ಗದ್ದೆಯಲ್ಲಿ ಏನಿದೆಯೆಂದು ತಿಳಿಯುವ ದಾರಿ ನೇಗಿಲೊಂದೇ ಆಗಿತ್ತು. ಯುದ್ಧದ ಸ್ಫೋಟಕ ಅವಶೇಷಗಳನ್ನು ಕುರಿತ 2003ರ ಅಂತರರಾಷ್ಟ್ರೀಯ ಒಡಂಬಡಿಕೆ, ಬಳಸಿದ ಸ್ಫೋಟಕಗಳ ಮಾಹಿತಿಯನ್ನು ದಾಖಲಿಸಿ, ಕಾಪಾಡಿ, ಯುದ್ಧ ನಿಂತ ಮೇಲೆ ತಡಮಾಡದೆ ಹಸ್ತಾಂತರಿಸಬೇಕೆಂದು ವಿಧಿಸುವುದರ ಹಿಂದೆ ಇಂಥ ಅನುಭವಗಳಿವೆ. ಗುಟ್ಟಾಗಿ ದಾಳಿ ಮಾಡಿದವನು ದಾಖಲೆ ಕೊಟ್ಟರೆ ತಪ್ಪೊಪ್ಪಿಕೊಂಡಂತಾಗುತ್ತದೆ. ಕೊಡದಿದ್ದರೆ ಮತ್ತೊಂದು ತಲೆಮಾರಿನ ಮಕ್ಕಳ ಕಾಲು ಹೋಗುತ್ತದೆ. ಈ ಇಕ್ಕಟ್ಟನ್ನು ಯಾವ ಗುಪ್ತ ಕಾರ್ಯಾಚರಣೆಯ ಯೋಜಕನೂ ದಾಳಿಗೆ ಮುಂಚೆ ತೂಗಿ ನೋಡುವುದಿಲ್ಲ.

ಕೋಪ್‌ನಲ್ಲಿ ನಡೆಯುವಾಗ ಹೊಸ ಕಾಲದ ದಾಳಿಗಳೂ ನೆನಪಾದವು. 2024ರ ಸೆಪ್ಟೆಂಬರ್ 17 ಮತ್ತು 18ರಂದು ಲೆಬನಾನ್‌ನಲ್ಲಿ ಹಿಜ್ಬುಲ್ಲಾ ಎಂಬ ಸಶಸ್ತ್ರ ಸಂಘಟನೆಯ ಸದಸ್ಯರಿಗೆ ಹಂಚಲಾಗಿದ್ದ ಪೇಜರ್‌ಗಳೂ ವಾಕಿಟಾಕಿಗಳೂ ಸಿಡಿದು, ಮಕ್ಕಳೂ ಸೇರಿದಂತೆ ಹಲವರು ಸತ್ತು, ಸಾವಿರಾರು ಮಂದಿ ಗಾಯಗೊಂಡರು, ಅವರಲ್ಲಿ ಅನೇಕರು ಕಣ್ಣು, ಬೆರಳು ಕಳೆದುಕೊಂಡರು. ಹೊಣೆಯನ್ನು ಇಸ್ರೇಲ್ ಬಹಿರಂಗವಾಗಿ ಒಪ್ಪಿಕೊಂಡದ್ದು ಸುಮಾರು ಎರಡು ತಿಂಗಳ ನಂತರ. ಲಾವೋಸ್‌ನ ಬಾಂಬ್ ಮಳೆಗೂ ಇದಕ್ಕೂ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ, ಪೇಜರ್ ದಾಳಿಯಲ್ಲಿ ಗುರಿ ನಿರ್ದಿಷ್ಟವಾಗಿತ್ತು ಎಂಬ ವಾದಕ್ಕೂ ಆಧಾರವಿದೆ. ಆದರೂ ಗುಂಡಿ ಒತ್ತಿದವನಿಗೆ, ಆ ಗಳಿಗೆಯಲ್ಲಿ ಪ್ರತಿಯೊಂದು ಪೇಜರ್ ಯಾರ ಕೈಯಲ್ಲಿದೆ, ಪಕ್ಕದಲ್ಲಿ ಯಾರು ನಿಂತಿದ್ದಾರೆ, ಅದು ಅಡುಗೆಮನೆಯ ಮೇಜಿನ ಮೇಲಿದೆಯೋ ತರಕಾರಿ ಅಂಗಡಿಯಲ್ಲಿದೆಯೋ ತಿಳಿದಿರಲು ಸಾಧ್ಯವಿರಲಿಲ್ಲ. ನಿರಪಾಯಕಾರಿಯಾಗಿ ಕಾಣುವ ಸಣ್ಣ ವಸ್ತುಗಳಲ್ಲಿ ಸ್ಫೋಟಕ ಅಡಗಿಸುವುದನ್ನು 1996ರಲ್ಲಿ ತಿದ್ದುಪಡಿಯಾದ ಅಂತರರಾಷ್ಟ್ರೀಯ ನಿಯಮಾವಳಿ ನಿರ್ಬಂಧಿಸಿರುವುದು ಇದೇ ಕಾರಣಕ್ಕೆ. ಗುರಿಯ ಹೆಸರು ಗೊತ್ತಿದ್ದರೆ ಸಾಲದು, ಗುರಿಯ ಸುತ್ತಲಿನವರನ್ನು ಆ ಕ್ಷಣದಲ್ಲಿ ಕಾಣಬಲ್ಲ ಕಣ್ಣೂ ಇರಬೇಕೆಂದು ನಾನು ನಂಬುತ್ತೇನೆ.

ಇನ್ನು ಸಂದರ್ಶಕರಿಗೆ ಬೇಕಾಗುವ ಮಾತುಗಳು. ಪ್ರದರ್ಶನಾಲಯ ದೊಡ್ಡದಲ್ಲ, ಅವಸರದಲ್ಲಿದ್ದವರು ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದು, ಆದರೆ ಫಲಕಗಳನ್ನು ಓದಿ, ಸಣ್ಣ ಕೋಣೆಯಲ್ಲಿ ತೋರಿಸುವ ಸಾಕ್ಷ್ಯಚಿತ್ರವನ್ನೂ ನೋಡಬೇಕೆಂದರೆ ಎರಡು ಗಂಟೆ ಇಟ್ಟುಕೊಳ್ಳಿ. ಸಾಕ್ಷ್ಯಚಿತ್ರವನ್ನು ಬಿಡಬೇಡಿ, ಬಾಂಬ್ ತೆರವಿನ ಕೆಲಸ ಎಷ್ಟು ನಿಧಾನದ್ದು, ಒಂದೊಂದು ಅಂಗುಲ ನೆಲಕ್ಕೂ ಎಷ್ಟು ತಾಳ್ಮೆ ಬೇಕು ಎಂಬುದು ಫಲಕಗಳಿಂದ ತಿಳಿಯುವುದಿಲ್ಲ. ಫಲಕಗಳ ಇಂಗ್ಲಿಷ್ ಸರಳವಾಗಿದೆ, ಹೈಸ್ಕೂಲಿನ ಮಕ್ಕಳು ತಾವೇ ಓದಿಕೊಳ್ಳಬಲ್ಲರು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಮೊದಲು ತಾವು ಒಂದು ಸುತ್ತು ನೋಡಿಕೊಳ್ಳುವುದು ಮೇಲು. ಇಲ್ಲಿ ಬೀಭತ್ಸ ದೃಶ್ಯಗಳನ್ನು ತುಂಬಿ ಬೆಚ್ಚಿಬೀಳಿಸುವ ಹಟವಿಲ್ಲ, ಆದರೂ ಪ್ರಶ್ನೆಗಳು ಬರುತ್ತವೆ. ಆವರಣದಲ್ಲಿ ಚಿಕಿತ್ಸೆಗೆ ಬಂದವರು ಓಡಾಡುತ್ತಿರುತ್ತಾರೆ, ಅವರ ಚಿತ್ರ ತೆಗೆಯುವುದು ಸಲ್ಲ. ಹೊರಗಡೆ ಬಾಂಬಿನ ಲೋಹದಿಂದ ಮಾಡಿದ ತಾಯಿ ಮಗುವಿನ ಶಿಲ್ಪವೊಂದಿದೆ, ಅದನ್ನೂ ನೋಡಿ.

ಮಳಿಗೆಯಲ್ಲಿ ಕರಕುಶಲ ವಸ್ತುಗಳು, ಅಂಗಿಗಳು, ಪುಸ್ತಕಗಳು ಸಿಗುತ್ತವೆ, ಹಣ ಚಿಕಿತ್ಸೆಯ ಕೆಲಸಕ್ಕೆ ಹೋಗುತ್ತದೆ. ಲಾವೋಸ್‌ನ ಸಂತೆಗಳಲ್ಲಿ ಯುದ್ಧದ ಲೋಹದಿಂದ ಮಾಡಿದ ಚಮಚ, ಬಳೆಗಳನ್ನು ಮಾರುತ್ತಾರೆ. ಷಿಯೆಂಗ್ ಖುವಾಂಗ್‌ನ ನಾಪಿಯಾ ಎಂಬ ಊರು ಅಂಥ ಚಮಚಗಳಿಗೆ ಹೆಸರಾಗಿದೆ. ಅವನ್ನು ಕೊಳ್ಳಬೇಕೇ ಬೇಡವೇ ಎಂದು ನಾನು ಬಹಳ ಯೋಚಿಸಿದ್ದೇನೆ. ಕುಶಲಕರ್ಮಿಗೆ ಅದು ಜೀವನೋಪಾಯ, ನಿಜ. ಆದರೆ ಬೇಡಿಕೆ ಹೆಚ್ಚಾದಷ್ಟೂ ಚೂರು ಹುಡುಕಿ ಹೋಗುವವರೂ ಹೆಚ್ಚುತ್ತಾರೆ. ಎಲ್ಲಿಂದ ಬಂದ ಲೋಹವೆಂದು ಹೇಳಲಾಗದ ವಸ್ತುವನ್ನು ನಾನು ಕೊಳ್ಳಲಿಲ್ಲ, ಆ ಹಣವನ್ನು ಕೋಪ್‌ನ ಪೆಟ್ಟಿಗೆಗೆ ಹಾಕಿದೆ.

ಆ ಪೆಟ್ಟಿಗೆಗೆ ಹಾಕಿದ ಹಣದ ಬಗ್ಗೆಯೂ ಒಂದು ಮಾತು. ಇಲ್ಲಿ ನೆರವು ಪಡೆಯುವವರೆಲ್ಲ ಬಾಂಬಿಗೆ ಸಿಕ್ಕವರಲ್ಲ. ರಸ್ತೆ ಅಪಘಾತದವರು, ಹುಟ್ಟಿನಿಂದ ಪಾದ ಒಳತಿರುಗಿದ ಮಕ್ಕಳು, ಕುಷ್ಠರೋಗದಿಂದ ಕಾಲು ಕಳೆದುಕೊಂಡವರೂ ಇದ್ದಾರೆ. ಯಾರ ಗಾಯ ಹೇಗಾಯಿತೆಂದು ವಿಂಗಡಿಸಿ ಬಾಂಬಿನವರಿಗೆ ಮಾತ್ರ ಕೊಡುವ ಸೇವೆ ಇದಲ್ಲ. ಅದು ನನಗೆ ಬಹಳ ಮೆಚ್ಚುಗೆಯಾಯಿತು. ಬೆಳೆಯುವ ಮಗುವಿಗೆ ಕೃತಕ ಕಾಲನ್ನು ಮತ್ತೆ ಮತ್ತೆ ಬದಲಿಸಬೇಕು, ದೊಡ್ಡವರಿಗೂ ಕೆಲವು ವರ್ಷಗಳಿಗೊಮ್ಮೆ ಹೊಸದು ಬೇಕು. ಆದ್ದರಿಂದ ಒಮ್ಮೆ ಕೊಟ್ಟು ಮುಗಿಯುವ ದಾನವಲ್ಲ ಇದು, ಜೀವಮಾನದುದ್ದಕ್ಕೂ ನಡೆಯಬೇಕಾದ ವೆಚ್ಚ. ದೂರದ ಬೆಟ್ಟದೂರುಗಳಿಂದ ಬರುವವರ ಪ್ರಯಾಣ ಮತ್ತು ತಂಗುವ ಖರ್ಚೂ ಅದರಲ್ಲಿ ಸೇರುತ್ತದೆ. ಜೈಪುರದ ಕಾಲನ್ನು ಕಂಡಿರುವ ನಮ್ಮ ದೇಶದವರಿಗೆ ಈ ಕೆಲಸದ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2016ರ ಸೆಪ್ಟೆಂಬರ್ 7ರಂದು ಬರಾಕ್ ಒಬಾಮಾ ಈ ಕೇಂದ್ರಕ್ಕೆ ಬಂದಿದ್ದರು. ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಬಂದ ಮೊದಲ ಅಮೆರಿಕದ ಅಧ್ಯಕ್ಷ ಅವರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಮೇಲೆ ಒಟ್ಟಾಗಿ ಹಾಕಿದ್ದಕ್ಕಿಂತ ಹೆಚ್ಚಿನ ಬಾಂಬುಗಳನ್ನು ಈ ಪುಟ್ಟ ದೇಶದ ಮೇಲೆ ಹಾಕಿದ್ದೆವೆಂದು ಒಪ್ಪಿಕೊಂಡು, ಮೂರು ವರ್ಷಗಳಲ್ಲಿ 9 ಕೋಟಿ ಡಾಲರ್ ನೆರವನ್ನು ಅವರು ಘೋಷಿಸಿದರು. ಒಪ್ಪಿಕೊಂಡದ್ದು ದೊಡ್ಡ ವಿಷಯ, ಅದನ್ನು ಸಣ್ಣದು ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಕ್ಷಮೆ ಕೇಳಲಿಲ್ಲ; ಕ್ಲಸ್ಟರ್ ಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ ಇಂದಿಗೂ ಸೇರಿಲ್ಲ. 2008ರಲ್ಲಿ ಡಬ್ಲಿನ್‌ನಲ್ಲಿ ಅಂಗೀಕಾರವಾಗಿ, 2010ರ ಆಗಸ್ಟ್ 1ರಂದು ಜಾರಿಗೆ ಬಂದ ಆ ಒಪ್ಪಂದದ ಸದಸ್ಯ ದೇಶಗಳ ಮೊದಲ ಸಭೆ ನಡೆದದ್ದು ಇದೇ ವಿಯೆಂಟಿಯಾನ್‌ನಲ್ಲಿ. ರಷ್ಯಾ, ಚೀನಾ, ಇಸ್ರೇಲ್, ಪಾಕಿಸ್ತಾನ ಹೊರಗುಳಿದಿವೆ; ಭಾರತವೂ ಹೊರಗಿದೆ. 2023ರಲ್ಲಿ ಅಮೆರಿಕ ಉಕ್ರೇನ್‌ಗೆ ಇದೇ ಬಗೆಯ ಶೆಲ್‌ಗಳನ್ನು ಕಳುಹಿಸಿತು, ರಷ್ಯಾ ಅವನ್ನು ಮೊದಲಿನಿಂದಲೇ ಬಳಸುತ್ತಿತ್ತು; 2025ರ ಮಾರ್ಚ್‌ನಲ್ಲಿ ಲಿಥುವೇನಿಯಾ ಒಪ್ಪಂದದಿಂದ ಹೊರನಡೆಯಿತು. ನಮ್ಮ ಸರ್ಕಾರ ಯಾಕೆ ಸೇರಿಲ್ಲವೆಂದು ನಾವು ಕೇಳಬೇಕು. ಗಡಿಯ ಭದ್ರತೆಯ ಉತ್ತರ ಬಂದರೆ, ಸಿಡಿಯದೆ ಉಳಿದ ಬೊಂಬಿಗಳು ಯಾರ ಹೊಲದಲ್ಲಿರುತ್ತವೆ ಎಂಬ ಮರುಪ್ರಶ್ನೆಯನ್ನೂ ಕೇಳಬೇಕು.

ಬೆಂಗಳೂರಿನಿಂದ ಹೋಗುವವರಿಗೆ ಬ್ಯಾಂಕಾಕ್ ಮೂಲಕ ವಿಮಾನದಲ್ಲಿ, ಇಲ್ಲವೇ ಬ್ಯಾಂಕಾಕ್‌ನಿಂದ ರೈಲಿನಲ್ಲಿ ನೊಂಗ್ ಖಾಯ್‌ವರೆಗೆ ಬಂದು, ಮೆಕಾಂಗ್ ಮೇಲಿನ ಸ್ನೇಹ ಸೇತುವೆ ದಾಟಿ ವಿಯೆಂಟಿಯಾನ್ ತಲುಪುವುದು ಸುಲಭ. ಸಮಯವಿದ್ದವರು ವಿಯೆಂಟಿಯಾನ್‌ನಲ್ಲೇ ಪ್ರವಾಸ ಮುಗಿಸದೆ ಷಿಯೆಂಗ್ ಖುವಾಂಗ್‌ನ ಫೋನ್ಸವಾನ್ ಪಟ್ಟಣಕ್ಕೂ ಹೋಗಬೇಕು. 2019ರಲ್ಲಿ ವಿಶ್ವ ಪರಂಪರೆಯ ತಾಣವಾದ ಜಾಡಿಗಳ ಬಯಲು ಅಲ್ಲಿದೆ, ಥಾಮ್ ಪಿಯು ಗುಹೆಯೂ ಅದೇ ಪ್ರಾಂತ್ಯದಲ್ಲಿದೆ. ಕಲ್ಲುಜಾಡಿಗಳ ನಡುವೆ ಬಾಂಬ್ ಕುಳಿಗಳು ಕಾಣುತ್ತವೆ, ತೆರವಾದ ದಾರಿಯ ಎರಡೂ ಅಂಚಿಗೆ ಗುರುತಿನ ಕಲ್ಲುಗಳಿವೆ. ಆ ಗುರುತುಗಳ ಒಳಗೇ ನಡೆಯಬೇಕು. ಚಿತ್ರ ತೆಗೆಯಲೆಂದು ಒಂದು ಹೆಜ್ಜೆಯನ್ನೂ ಆಚೆ ಇಡಬಾರದು.

ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಲಾವೋಸ್ ತನ್ನದೇ ಆದ ಹದಿನೆಂಟನೆಯದೊಂದನ್ನು ಸೇರಿಸಿಕೊಂಡಿದೆ: ಸಿಡಿಯದ ಬಾಂಬುಗಳಿಂದ ಜನರ ಬದುಕು ಸುರಕ್ಷಿತವಾಗಬೇಕು ಎಂಬುದು. 2030ರ ಆ ಗುರಿಗೆ ಬೇಕಾದ ಹಣದ ಬಹುಭಾಗ ಹೊರದೇಶಗಳಿಂದ ಬರಬೇಕು, 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಬಾಂಬ್ ತೆರವಿನ ಕೆಲಸಕ್ಕೂ ಪೆಟ್ಟು ಬಿತ್ತು. ಕೋಪ್‌ಗೆ ಹೋಗಲಾಗದವರು ಅದರ ಅಂತರ್ಜಾಲ ತಾಣದ ಮೂಲಕವೂ ದೇಣಿಗೆ ಕೊಡಬಹುದು. ಹೋಗುವವರು ಸಂದರ್ಶನದ ವೇಳೆಯನ್ನು ಅಲ್ಲಿಯೇ ಖಚಿತಪಡಿಸಿಕೊಂಡು ಹೊರಡಲಿ.